ಭೂಕಂಪಕ್ಕೆ ಬಿರುಕು ಬಿಟ್ಟ ಸುರಂಗವನ್ನು ಹೇಗೆ ರಿಪೇರಿ ಮಾಡುತ್ತಾರೆ?

ಪ್ರಶ್ನೆ: ನಾವು ಎರಡು ವರ್ಷದಿಂದ ಜಪಾನಿನ ಕುಮಾಮೊಟೊದಲ್ಲಿದ್ದೇವೆ. ಮೊನ್ನೆ ರಜೆಯಲ್ಲಿ ಆಸೊ ಕಡೆ ಹೋಗುವಾಗ ತವರಯಾಮ ಸುರಂಗದೊಳಗೆ ಕಾರಿನಲ್ಲಿ ಹೋದೆವು. ಒಳಗೆ ಅಲ್ಲಲ್ಲಿ ಕಾಂಕ್ರೀಟ್ ಹೊಸದಾಗಿ ಕಾಣುತ್ತಿತ್ತು. 2016ರ ಭೂಕಂಪದಲ್ಲಿ ಛಾವಣಿ ಉದುರಿತ್ತು, ಆಮೇಲೆ ರಿಪೇರಿ ಮಾಡಿದರು ಅಂತ ಜೊತೆಯಲ್ಲಿ ಕೆಲಸ ಮಾಡುವವರು ಹೇಳಿದರು. ಒಡೆದ ಸುರಂಗವನ್ನು ಹೇಗೆ ಸರಿ ಮಾಡುತ್ತಾರೆ? ಪೂರ್ತಿ ತೆಗೆದು ಹೊಸದು ಯಾಕೆ ಕಟ್ಟುವುದಿಲ್ಲ? ಅಲ್ಲಿ ಓಡಾಡುವುದು ಸುರಕ್ಷಿತವಾ? ಇನ್ನೊಂದು ಪ್ರಶ್ನೆ ನನ್ನ ಒಂಬತ್ತು ವರ್ಷದ ಮಗಳದ್ದು: "ಗುಡ್ಡಾನೇ ಅಲ್ಲಾಡಿದ್ರೆ ಸುರಂಗ ಯಾಕೆ ಮುಚ್ಚಿಹೋಗ್ಲಿಲ್ಲ?"

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಉಳಿದದ್ದು ಅರ್ಧ ಅರ್ಥವಾದ ಹಾಗೆ.

ಸುರಂಗವನ್ನು ಹೊತ್ತಿರುವುದು ಕಾಂಕ್ರೀಟ್ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ನಿಜವಾಗಿ ಹೊತ್ತಿರುವುದು ಗುಡ್ಡವೇ. ಬಂಡೆ ಕೊರೆದ ಕೂಡಲೇ ಅದರ ಮೈಗೆ ಕಾಂಕ್ರೀಟನ್ನು ರಭಸವಾಗಿ ಎರಚುತ್ತಾರೆ. ಅದಕ್ಕೆ ಶಾಟ್‌ಕ್ರೀಟ್ ಅನ್ನುತ್ತಾರೆ. ಆಮೇಲೆ ಕೆಲವು ಮೀಟರ್ ಉದ್ದದ ಉಕ್ಕಿನ ರಾಡುಗಳನ್ನು ಸುತ್ತಲೂ ಬಂಡೆಯೊಳಗೆ ಕೂರಿಸುತ್ತಾರೆ. ಇವು ರಾಕ್ ಬೋಲ್ಟ್. ಈ ಎರಡರ ಬಲದಿಂದ ಸುತ್ತಲಿನ ಬಂಡೆಯೇ ಕಮಾನಿನ ಹಾಗೆ ತನ್ನನ್ನು ತಾನು ಹಿಡಿದುಕೊಂಡು ನಿಲ್ಲುತ್ತದೆ. ಅದರ ಅಲುಗಾಟ ನಿಂತಿತು ಅಂತ ಅಳತೆಯಲ್ಲಿ ಕಂಡ ಮೇಲೆಯೇ ಒಳಗಿನ ಕೊನೆಯ ಪದರ ಹಾಕುವುದು. ಅದಕ್ಕೆ ಲೈನಿಂಗ್ ಅಂತ ಹೆಸರು. ನೀವು ಕಾರಿನ ಗಾಜಿನಿಂದ ನೋಡಿದ್ದು ಅದನ್ನೇ. ಜಪಾನಿನ ಎರಡು ಲೇನಿನ ರಸ್ತೆ ಸುರಂಗಗಳಲ್ಲಿ ಅದು ಸಾಮಾನ್ಯವಾಗಿ 30 ಸೆಂ.ಮೀ. ದಪ್ಪ ಇರುತ್ತದೆ. ಬಾಯಿಯ ಹತ್ತಿರ ಬಿಟ್ಟರೆ ಬಹಳ ಕಡೆ ಅದರೊಳಗೆ ಕಂಬಿಯೂ ಇರುವುದಿಲ್ಲ.

ಈಗ ಭೂಕಂಪಕ್ಕೆ ಬನ್ನಿ. ನೆಲ ಅಲುಗಿದಾಗ ಕಟ್ಟಡದ ಮೇಲಿನ ಮಹಡಿ ತೂಗಾಡುತ್ತದೆ. ಸುರಂಗಕ್ಕೆ ತೂಗಾಡಲು ಜಾಗವೇ ಇಲ್ಲ. ಅದು ಮಣ್ಣಿನೊಳಗಿನ ಗೆಡ್ಡೆ ಇದ್ದ ಹಾಗೆ. ಮಣ್ಣು ಎತ್ತ ಹೋದರೆ ಅದೂ ಅತ್ತ. ಅದಕ್ಕೇ ಮೇಲೆ ಮನೆ, ಸೇತುವೆ ಬಿದ್ದರೂ ಆಳದಲ್ಲಿರುವ ಸುರಂಗ ಎಷ್ಟೋ ಸಲ ಬಚಾವಾಗುತ್ತದೆ. ಪೆಟ್ಟು ಬೀಳುವುದು ಕೆಲವು ಜಾಗಗಳಲ್ಲಿ ಮಾತ್ರ. ಮೇಲೆ ಮಣ್ಣು ತೆಳ್ಳಗಿರುವ ಸುರಂಗದ ಬಾಯಿಯಲ್ಲಿ. ಗಟ್ಟಿ ಬಂಡೆ ಮುಗಿದು ಮೆತ್ತನೆಯದು ಶುರುವಾಗುವಲ್ಲಿ. ಭೂಮಿಯೊಳಗಿನ ಬಿರುಕು, ಅಂದರೆ ಫಾಲ್ಟ್, ಅಡ್ಡ ಹಾಯುವಲ್ಲಿ. ಲೈನಿಂಗ್‌ಗೂ ಬಂಡೆಗೂ ನಡುವೆ ಟೊಳ್ಳು ಉಳಿದಿರುವಲ್ಲಿ. ನೀವು ಹೊಸ ಕಾಂಕ್ರೀಟನ್ನು ಅಲ್ಲಲ್ಲಿ ಮಾತ್ರ ಕಂಡಿದ್ದಕ್ಕೂ ಇದೇ ಕಾರಣ.

ಮಗಳಿಗೆ ಹೀಗೆ ಹೇಳಿ: ಗುಡ್ಡ ಅಲ್ಲಾಡಿತು, ಆದರೆ ತನ್ನ ಕಮಾನನ್ನು ಬಿಟ್ಟುಕೊಡಲಿಲ್ಲ. ಉದುರಿದ್ದು ಒಳಗಿನ ಪದರ.

ಆ ಸುರಂಗದ ಕತೆ ಸ್ವಲ್ಪ ಹೇಳುತ್ತೇನೆ. ಉದ್ದ 2 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ನಿಶಿಹರ ಮತ್ತು ಮಿನಮಿಆಸೊ ಹಳ್ಳಿಗಳ ನಡುವೆ ಇದೆ. 2003ರಲ್ಲಿ ಸಂಚಾರಕ್ಕೆ ತೆರೆಯಿತು. 2016ರ ಏಪ್ರಿಲ್ 14ರ ರಾತ್ರಿ ಮೊದಲ ದೊಡ್ಡ ಕಂಪನ ಬಂತು. ಎಲ್ಲರೂ ಅದೇ ಮುಖ್ಯ ಕಂಪನ ಅಂದುಕೊಂಡರು. 16ರ ನಸುಕಿನ 1.25ಕ್ಕೆ ಅದಕ್ಕಿಂತ ದೊಡ್ಡದು ಬಂತು. ಜಪಾನಿನ ಅಳತೆಯಲ್ಲಿ 7.3. ತವರಯಾಮದೊಳಗೆ ಛಾವಣಿಯ ಲೈನಿಂಗ್ ದೊಡ್ಡ ಹೋಳಾಗಿ ರಸ್ತೆಗೆ ಬಿತ್ತು. ಗೋಡೆಯಲ್ಲಿ ಬಳೆಯಂತೆ ಸುತ್ತಿಬಂದ ಬಿರುಕುಗಳು ಮೂಡಿದವು. ಕಾಂಕ್ರೀಟ್ ಜಾಯಿಂಟುಗಳು ಒಂದಕ್ಕೊಂದು ಗುದ್ದಿಕೊಂಡು ಅಂಚು ಪುಡಿಯಾದವು. ಕೆಲವು ಕಡೆ ರಸ್ತೆಯೇ ಉಬ್ಬಿತು.

ಅದೇ ರಾತ್ರಿ ತತೆನೊದಲ್ಲಿ ಗುಡ್ಡದ ಮಗ್ಗುಲು ಜಾರಿ ಬಂತು. ಆಸೊ ದೊಡ್ಡ ಸೇತುವೆ ಕಣಿವೆಗೆ ಬಿತ್ತು. 57ನೇ ಹೆದ್ದಾರಿಯೂ ರೈಲು ದಾರಿಯೂ ಕಡಿದುಹೋದವು. ಮಿನಮಿಆಸೊ ಕಡೆಯವರು ಕುಮಾಮೊಟೊ ನಗರಕ್ಕೆ ಬರಲು ಬಳಸು ದಾರಿ ಹಿಡಿಯಬೇಕಾಯಿತು. ಆಸ್ಪತ್ರೆ, ಶಾಲೆ, ಕೆಲಸ, ಎಲ್ಲದಕ್ಕೂ. ಸುರಂಗದ ರಿಪೇರಿ ಅಂದರೆ ಅದು ಬರೀ ಕಾಂಕ್ರೀಟಿನ ವಿಷಯ ಅಲ್ಲ, ಅಲ್ವಾ? ಪ್ರಾಂತ್ಯದ ರಸ್ತೆಯಾದರೂ ಕೆಲಸವನ್ನು ಕೇಂದ್ರ ಸರ್ಕಾರ ತಾನೇ ವಹಿಸಿಕೊಂಡಿತು. ಅದೇ ವರ್ಷ ಡಿಸೆಂಬರ್ 24ಕ್ಕೆ ಸುರಂಗ ತೆರೆಯಿತು. ಎಂಟು ತಿಂಗಳು. ಆ ದಾರಿಯಲ್ಲಿ ಪೆಟ್ಟು ತಿಂದ ಸೇತುವೆಗಳು ಆಗ ಇನ್ನೂ ಸಿದ್ಧವಿರಲಿಲ್ಲ. ಅಲ್ಲಿ ಹಳೆಯ ರಸ್ತೆಗೆ ಇಳಿದು ಮತ್ತೆ ಹತ್ತಬೇಕಿತ್ತು. ಸೇತುವೆಗಳಿಗಿಂತ ಸುರಂಗ ಮೊದಲು ಎದ್ದು ನಿಂತಿತು. ಕಾರಣ ಆಗಲೇ ಹೇಳಿದೆ: ಹೊರುವ ಕಮಾನು ಉಳಿದಿತ್ತು.

ಇನ್ನು ರಿಪೇರಿಯ ವಿಷಯ. ಜನ ಕೇಳುವ ಮೊದಲ ಪ್ರಶ್ನೆ "ಬಿರುಕಿಗೆ ಏನು ತುಂಬುತ್ತಾರೆ?" ಅಂತ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ. ಗುಡ್ಡ ನಿಂತಿದೆಯಾ, ಇನ್ನೂ ಹೋಗುತ್ತಿದೆಯಾ?

ಇದನ್ನು ನಾನು ಕಲಿತದ್ದು ಕಷ್ಟದಿಂದ. ಕೆಲಸಕ್ಕೆ ಸೇರಿದ ಹೊಸತು. ಘಟ್ಟದ ಒಂದು ಸುರಂಗದಲ್ಲಿ ಗೋಡೆಯ ಉದ್ದಕ್ಕೂ ಬಿರುಕು ಬಿಟ್ಟಿತ್ತು. ನಮ್ಮ ತಂಡ ಎಪಾಕ್ಸಿ ತುಂಬಿತು. ಒಣಗಿದರೆ ಕಲ್ಲಿನ ಹಾಗೆ ಗಟ್ಟಿಯಾಗುವ ಅಂಟು ಅದು. ತುಂಬ ಅಚ್ಚುಕಟ್ಟಾದ ಕೆಲಸ. ಮೇಲೆ ಬಣ್ಣ ಬಳಿದರು, ಫೋಟೊ ತೆಗೆದರು, ಬಿಲ್ ಆಯಿತು. ಮುಂದಿನ ಮಳೆಗಾಲ ಮುಗಿದ ಮೇಲೆ ನಾನು ಟಾರ್ಚ್ ಹಿಡಿದು ಒಳಗೆ ಹೋದೆ. ನಾವು ತುಂಬಿದ ಗೆರೆ ಹಾಗೇ ಇತ್ತು, ಒಂದು ಕೂದಲೂ ಬಿಟ್ಟಿರಲಿಲ್ಲ. ಅದರ ಪಕ್ಕದಲ್ಲೇ, ಗೇಣು ದೂರದಲ್ಲಿ, ಅದಕ್ಕೆ ಜೊತೆಯಾಗಿ ಹೊಸ ಬಿರುಕು. ನನ್ನ ಬೆರಳಿನ ಉಗುರು ಒಳಗೆ ಹೋಗುವಷ್ಟು ಅಗಲ. ಎಪಾಕ್ಸಿ ಕಾಂಕ್ರೀಟಿಗಿಂತ ಗಟ್ಟಿ. ಹಿಂದಿನ ಗುಡ್ಡ ನಿಂತಿರಲೇ ಇಲ್ಲ. ಅದು ತಳ್ಳುತ್ತಲೇ ಇತ್ತು. ಗಟ್ಟಿ ಇದ್ದ ಕಡೆ ಒಡೆಯಲಾಗದೆ ಪಕ್ಕದಲ್ಲಿ ಒಡೆಯಿತು. ಆ ದಿನದಿಂದ ಅಳತೆ ಇಲ್ಲದೆ ರಿಪೇರಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಅಳತೆಯೇನೂ ದೊಡ್ಡ ಮಂತ್ರವಿದ್ಯೆ ಅಲ್ಲ. ಎರಡು ಗೋಡೆಗೂ ನೆತ್ತಿಗೂ ಪಿನ್ ಕೂರಿಸಿ ಅವುಗಳ ನಡುವಿನ ದೂರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯುತ್ತಾರೆ. ವಾರ ವಾರ ಅದೇ ಅಳತೆ. ಬಿರುಕಿನ ಎರಡು ಕಡೆ ಗೇಜ್ ಅಂಟಿಸುತ್ತಾರೆ. ಈಗ ಲೇಸರ್ ಸ್ಕ್ಯಾನರ್ ಇದೆ, ಇಡೀ ಸುರಂಗದ ಆಕಾರವನ್ನೇ ಹಿಡಿದುಕೊಡುತ್ತದೆ. ಗುಡ್ಡ ಜಾರುತ್ತಿರುವ ಅನುಮಾನ ಇದ್ದರೆ ಮೇಲಿನಿಂದ ಬೋರ್ ಕೊರೆದು ಒಳಗೆ ಕೊಳವೆ ಇಳಿಸುತ್ತಾರೆ. ಕೊಳವೆ ಯಾವ ಆಳದಲ್ಲಿ ಬಾಗಿತು ಅಂತ ನೋಡಿದರೆ ಜಾರುವ ಪದರ ಎಲ್ಲಿದೆ ಅಂತ ಗೊತ್ತಾಗುತ್ತದೆ. ನಾಲ್ಕೈದು ಅಳತೆ ಗ್ರಾಫಿನಲ್ಲಿ ಇಟ್ಟಾಗ ಗೆರೆ ಮಟ್ಟಸವಾಗಿ ಮಲಗಿದರೆ ಸಮಾಧಾನ. ಏರುತ್ತಲೇ ಹೋದರೆ ಸಿಮೆಂಟ್ ಚೀಲ ತರಿಸುವ ಸಮಯ ಇನ್ನೂ ಬಂದಿಲ್ಲ.

ಜೊತೆಗೆ ಸುತ್ತಿಗೆ. ಎಷ್ಟೇ ಯಂತ್ರ ಬಂದರೂ ಇದನ್ನು ಬಿಟ್ಟಿಲ್ಲ. ಲಿಫ್ಟ್ ಇರುವ ಗಾಡಿಯಲ್ಲಿ ನಿಂತು ನೆತ್ತಿಯ ಕಾಂಕ್ರೀಟನ್ನು ಅಂಗೈ ಅಂಗೈ ಜಾಗಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇದ್ದರೆ "ಟಣ್" ಅನ್ನುತ್ತದೆ, ಕೈಗೆ ಏಟು ವಾಪಸ್ ಬರುತ್ತದೆ. ಒಳಗೆ ಪದರ ಬಿಟ್ಟಿದ್ದರೆ "ಡಬ್" ಅನ್ನುತ್ತದೆ, ಏಟು ಒಳಗೇ ಸತ್ತುಹೋಗುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತಾರಲ್ಲ, ಅದೇ ವಿದ್ಯೆ. ಡಬ್ ಅಂದ ಜಾಗಕ್ಕೆ ಚಾಕ್‌ಪೀಸಿನಲ್ಲಿ ಸುತ್ತು ಹಾಕುತ್ತಾರೆ. ಅದು ಇವತ್ತೋ ನಾಳೆಯೋ ಯಾರದೋ ಕಾರಿನ ಮೇಲೆ ಬೀಳಬೇಕಾದ ತುಂಡು. ಮೊದಲು ಅದನ್ನು ಕೆಡವಿಯೇ ಮುಂದಿನ ಮಾತು.

ಬಿರುಕುಗಳಿಗೂ ಒಂದು ಭಾಷೆ ಇದೆ. ನೆತ್ತಿಯ ಉದ್ದಕ್ಕೂ ಬಾಯಿ ಬಿಟ್ಟ ಬಿರುಕು ಇದ್ದರೆ ಮೇಲಿನಿಂದ ಭಾರ ಕೂತಿದೆ, ಕಮಾನು ಚಪ್ಪಟೆಯಾಗುತ್ತಿದೆ ಅಂತ ಅರ್ಥ. ನೆತ್ತಿಯಲ್ಲಿ ಕಾಂಕ್ರೀಟ್ ಚಕ್ಕೆ ಚಕ್ಕೆಯಾಗಿ ಸಿಡಿದು, ಗೋಡೆಯ ನಡುಮಟ್ಟದಲ್ಲಿ ಉದ್ದ ಬಿರುಕು ಬಾಯಿ ಬಿಟ್ಟಿದ್ದರೆ ಎರಡೂ ಪಕ್ಕದಿಂದ ಗುಡ್ಡ ಅಮುಕುತ್ತಿದೆ. ಬಳೆಯಂತೆ ಸುತ್ತು ಬಿರುಕು ಇದ್ದರೆ ಸುರಂಗವನ್ನು ಉದ್ದಕ್ಕೆ ಎಳೆದಿದೆ, ಇಲ್ಲವೇ ಬಗ್ಗಿಸಿದೆ. ಗೋಡೆಯಲ್ಲಿ ಓರೆ ಬಿರುಕು ಇದ್ದು ಒಂದು ಕಡೆ ಮಾತ್ರ ಇದ್ದರೆ ಗುಡ್ಡದ ಇಳಿಜಾರು ಯಾವ ಕಡೆ ಇದೆ ಅಂತ ಹೊರಗೆ ಹೋಗಿ ನೋಡಲೇಬೇಕು. ಇಡೀ ಲೈನಿಂಗನ್ನು ಚಾಪೆ ಹಾಸಿದ ಹಾಗೆ ಕಾಗದದ ಮೇಲೆ ಬಿಡಿಸಿ ಪ್ರತಿ ಬಿರುಕನ್ನೂ ಗುರುತು ಮಾಡುತ್ತಾರೆ. ಆ ನಕ್ಷೆ ಮುಂದಿಟ್ಟುಕೊಂಡು ಕೂತರೆ ಗುಡ್ಡ ಎಲ್ಲಿ ಕೈ ಇಟ್ಟಿತ್ತು ಅನ್ನುವುದು ಕಣ್ಣಿಗೇ ಕಾಣುತ್ತದೆ.

ಗುಡ್ಡ ನಿಂತಿದೆ ಅಂತಾದರೆ ಕೆಲಸ ಸಲೀಸು, ಆದರೆ ನಿಧಾನ. ಮೊದಲು ಲೈನಿಂಗ್ ಹಿಂದಿನ ಟೊಳ್ಳನ್ನು ತುಂಬುತ್ತಾರೆ. ತೂತು ಕೊರೆದು ಸಿಮೆಂಟ್ ಗಾರೆಯನ್ನು ಪಂಪಿನಿಂದ ಒಳಗೆ ಬಿಡುವುದು, ಅದೇ ಗ್ರೌಟಿಂಗ್. ಒತ್ತಡ ಕಡಿಮೆ ಇರಬೇಕು. ಜಾಸ್ತಿ ಕೊಟ್ಟರೆ ನಾವೇ ಹಿಂದಿನಿಂದ ತಳ್ಳಿ ಲೈನಿಂಗ್ ಕೆಡವಿದ ಹಾಗಾಗುತ್ತದೆ. ಸಣ್ಣ ಬಿರುಕಿಗೆ ಎಪಾಕ್ಸಿ. ಗಾತ್ರದ ಬಿರುಕು ಒಂದರ ಮೇಲೊಂದು ಹಾಯ್ದಿದ್ದರೆ ಒಳಗಡೆಯಿಂದ ಕಾರ್ಬನ್ ನಾರಿನ ಹಾಳೆ ಅಂಟಿಸುತ್ತಾರೆ, ಇಲ್ಲವೇ ಜಾಲರಿ ಕಟ್ಟುತ್ತಾರೆ. ಲೈನಿಂಗ್ ಪೂರ್ತಿ ಕೆಟ್ಟಿದ್ದರೆ ಒಡೆದು ತೆಗೆಯುವುದೇ ಸರಿ.

ಒಡೆಯುವಾಗ ಒಂದು ನಿಯಮ ಇದೆ. ಒಮ್ಮೆಗೆ ಉದ್ದಕ್ಕೂ ಒಡೆಯಬಾರದು. ಲೈನಿಂಗನ್ನು ಕಟ್ಟುವಾಗಲೇ ಸುಮಾರು 10 ಮೀಟರ್ ಉದ್ದದ ತುಂಡು ತುಂಡಾಗಿ ಕಟ್ಟಿರುತ್ತಾರೆ. ಒಂದು ತುಂಡು ತೆಗೆಯುವಾಗ ಪಕ್ಕದ ತುಂಡುಗಳು ಗಟ್ಟಿಯಾಗಿ ನಿಂತಿರಬೇಕು. ತೆಗೆದ ಕೂಡಲೇ ಹಿಂದಿನ ಬಂಡೆ ನೋಡಿ, ಸಡಿಲ ಆಗಿದ್ದನ್ನು ಕೆರೆದು, ಹೊಸದಾಗಿ ಬೋಲ್ಟ್ ಹಾಕಿ ಶಾಟ್‌ಕ್ರೀಟ್ ಎರಚಬೇಕು. ಆಮೇಲೆ ಅಚ್ಚು ತಂದು ಹೊಸ ಲೈನಿಂಗ್, ಈ ಸಲ ಬೇಕಾದ ಕಡೆ ಕಂಬಿ ಕಟ್ಟಿ. ಅದು ಗಟ್ಟಿಯಾಗುವವರೆಗೆ ಪಕ್ಕದ್ದನ್ನು ಮುಟ್ಟುವ ಹಾಗಿಲ್ಲ. "ಇಷ್ಟು ದಿನ ಏನು ಮಾಡುತ್ತಾರೆ ಒಳಗೆ?" ಅಂತ ಜನ ಕೇಳುವುದಕ್ಕೆ ಉತ್ತರ ಇದು. ಬಹುಪಾಲು ದಿನ ಕಾಯುತ್ತಾರೆ. ಕಾಯುವುದೂ ಕೆಲಸವೇ.

ಉಕ್ಕಿನ ಕಮಾನುಗಳನ್ನು ಒಳಗಡೆಯಿಂದ ನಿಲ್ಲಿಸಿ ಬಿಟ್ಟರೆ ಬೇಗ ಮುಗಿಯುವುದಿಲ್ಲವಾ ಅಂತ ಕೇಳಬಹುದು. ಮುಗಿಯುತ್ತದೆ. ಆದರೆ ಒಳಗಿನ ಜಾಗ ಕಿರಿದಾಗುತ್ತದೆ. ಲಾರಿಯ ಎತ್ತರಕ್ಕೆ, ಫ್ಯಾನಿಗೆ, ದೀಪಕ್ಕೆ ಜಾಗ ಸಾಲುವುದಿಲ್ಲ. ತಾತ್ಕಾಲಿಕವಾಗಿ ಒಂದು ಲೇನ್ ಬಿಡಲು ಅದು ಒಳ್ಳೆಯ ಉಪಾಯ.

ಈಗ ರಸ್ತೆ ಉಬ್ಬಿದ ವಿಷಯ. ಇದರ ಬಗ್ಗೆ ಕೇಳುವವರು ಕಡಿಮೆ. ನನ್ನ ಪ್ರಕಾರ ಇಡೀ ರಿಪೇರಿಯಲ್ಲಿ ಅತಿ ಮುಖ್ಯ ಭಾಗ ಇದೇ. ಬಳೆ ಪೂರ್ತಿ ಇದ್ದಾಗ ಅಮುಕಿ ನೋಡಿ, ತಡೆಯುತ್ತದೆ. ಒಂದು ಕಡೆ ಕತ್ತರಿಸಿದ ಬಳೆಯನ್ನು ಅಮುಕಿ, ತುದಿಗಳು ಒಳಗೆ ಬಂದುಬಿಡುತ್ತವೆ. ಗಟ್ಟಿ ಬಂಡೆಯಲ್ಲಿ ಸುರಂಗದ ತಳಕ್ಕೆ ಕಾಂಕ್ರೀಟ್ ಬೇಕಿಲ್ಲ ಅಂತ ಬಿಟ್ಟಿರುತ್ತಾರೆ. ಮೆತ್ತನೆಯ ನೆಲದಲ್ಲಿ ಹಾಗೆ ಬಿಟ್ಟರೆ ಅದು ಕತ್ತರಿಸಿದ ಬಳೆ. ಪಕ್ಕದಿಂದ ಒತ್ತಡ ಬಂದಾಗ ಗೋಡೆಯ ಬುಡ ಒಳಗೆ ಸರಿಯುತ್ತದೆ, ರಸ್ತೆ ಮೇಲೆ ಉಬ್ಬುತ್ತದೆ. ಅದಕ್ಕೆ ರಸ್ತೆ ಅಗೆದು ತಳದಲ್ಲಿ ತಲೆಕೆಳಗಾದ ಕಮಾನು ಕಟ್ಟಬೇಕು. ಇನ್ವರ್ಟ್ ಅನ್ನುತ್ತಾರೆ. ಮೇಲೆ ಡಾಂಬರು ಬಿದ್ದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಉಬ್ಬಿದ ಡಾಂಬರನ್ನು ಸುಮ್ನೆ ಕೆರೆದು ಮಟ್ಟ ಮಾಡಿ ಬಿಟ್ಟಿದ್ದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಉಬ್ಬು ರೋಗ ಅಲ್ಲ, ರೋಗದ ಗುರುತು.

ನೀರನ್ನೂ ಮರೆಯಬಾರದು. ಭೂಕಂಪದ ನಂತರ ಗುಡ್ಡದೊಳಗಿನ ನೀರಿನ ದಾರಿಗಳು ಬದಲಾಗುತ್ತವೆ. ಒಣಗಿದ್ದ ಗೋಡೆಯಲ್ಲಿ ಒಸರು ಶುರುವಾಗುತ್ತದೆ. ಜಿನುಗುವ ಕಡೆಯನ್ನೆಲ್ಲ ಮುಚ್ಚಿಬಿಡುವುದು ತಪ್ಪು. ನೀರು ಹಿಂದೆ ಕೂಡಿಕೊಂಡು ಲೈನಿಂಗನ್ನು ತಳ್ಳುತ್ತದೆ. ಅದಕ್ಕೆ ಕೊಳವೆ ಹಾಕಿ ಚರಂಡಿಗೆ ದಾರಿ ಮಾಡಿಕೊಡಬೇಕು. ನಮ್ಮ ಕರಾವಳಿಯವರಿಗೆ ಇದು ಹೊಸದಲ್ಲ. 2020ರ ಆಗಸ್ಟ್ ಮಳೆಯಲ್ಲಿ ಗೋವಾದ ಪೆರ್ನೆಮ್‌ನಲ್ಲಿ ಕೊಂಕಣ ರೈಲಿನ ಸುರಂಗದ ಗೋಡೆ ಕುಸಿದು ರೈಲುಗಳು ಸುತ್ತಿ ಬರಬೇಕಾಯಿತು. 2024ರ ಜುಲೈನಲ್ಲಿ ಅದೇ ಪೆರ್ನೆಮ್‌ನಲ್ಲಿ ಹಳಿಯ ಕೆಳಗಿನಿಂದ ನೀರು ಚಿಮ್ಮಿ ಮತ್ತೆ ಸಂಚಾರ ನಿಂತಿತು. ಅಲ್ಲಿ ಭೂಕಂಪ ಇರಲಿಲ್ಲ, ಇದ್ದದ್ದು ನೀರು.

ಗುಡ್ಡ ನಿಲ್ಲದೇ ಇದ್ದರೆ? ಆಗ ಕೆಲಸ ಸುರಂಗದೊಳಗೆ ಅಲ್ಲ, ಹೊರಗೆ. ಜಾರುವ ಗುಡ್ಡವಾದರೆ ಅದರ ಹೊಟ್ಟೆಯ ನೀರು ಬಸಿಯಬೇಕು, ತಲೆಯ ಕಡೆಯ ಮಣ್ಣು ತೆಗೆದು ಭಾರ ಇಳಿಸಬೇಕು, ಬುಡಕ್ಕೆ ಒತ್ತು ಕೊಡಬೇಕು. ಅದು ನಿಲ್ಲುವವರೆಗೆ ಒಳಗೆ ಕಾಂಕ್ರೀಟ್ ಹಾಕುವುದು ಹೊಳೆಗೆ ಹುಣಿಸೆಹಣ್ಣು ಕಿವುಚಿದ ಹಾಗೆ.

ಇನ್ನೊಂದು ಜಾತಿಯ ನೆಲ ಇದೆ, ಅದು ನಿಲ್ಲುವುದೇ ಇಲ್ಲ, ಊದಿಕೊಳ್ಳುತ್ತದೆ. ಜರ್ಮನಿಯ ಲಿಯೊನ್‌ಬರ್ಗ್ ಹತ್ತಿರ ಎಂಗೆಲ್‌ಬರ್ಗ್ ಸುರಂಗ ಇದೆ. ಸುಮಾರು 2.5 ಕಿ.ಮೀ. ಉದ್ದ, 1999ರಲ್ಲಿ ತೆರೆದದ್ದು. ಅದರ ದಾರಿಯಲ್ಲಿ ಅನ್‌ಹೈಡ್ರೈಟ್ ಅನ್ನುವ ಖನಿಜ ಸಿಗುತ್ತದೆ. ನೀರು ತಾಕಿದರೆ ಅದು ಜಿಪ್ಸಮ್ ಆಗುತ್ತದೆ, ಗಾತ್ರ ಸುಮಾರು 60 ಶೇಕಡಾ ಹೆಚ್ಚುತ್ತದೆ. ಹುರಿಗಡಲೆ ತುಂಬಿದ ಡಬ್ಬಿಗೆ ನೀರು ಸುರಿದ ಹಾಗೆ. ವರ್ಷಗಟ್ಟಲೆ ಆ ಒತ್ತಡ ಒಳಗಿನ ಕಟ್ಟಡವನ್ನು ಅಮುಕಿತು. 2019ರಿಂದ ಸಂಚಾರ ನಡೆಯುತ್ತಿರುವಾಗಲೇ ಅದನ್ನು ಬಲಪಡಿಸುವ ದೊಡ್ಡ ಕೆಲಸ ಶುರುವಾಯಿತು. ಇಂಥ ಕಡೆ ಒಮ್ಮೆ ರಿಪೇರಿ ಮಾಡಿ ಕೈ ತೊಳೆದುಕೊಳ್ಳಲು ಬರುವುದಿಲ್ಲ.

"ಪೂರ್ತಿ ತೆಗೆದು ಹೊಸದು ಯಾಕೆ ಕಟ್ಟುವುದಿಲ್ಲ?" ಅಂತ ಕೇಳಿದ್ದೀರಿ. ಕೆಲವೊಮ್ಮೆ ಕಟ್ಟುತ್ತಾರೆ. ಟರ್ಕಿಯ ಬೋಲು ಸುರಂಗ ಅದಕ್ಕೆ ಸಾಕ್ಷಿ. ಸುಮಾರು 3 ಕಿ.ಮೀ. ಉದ್ದದ ಜೋಡಿ ಸುರಂಗ. 1999ರ ನವೆಂಬರ್ 12ರಂದು ಡ್ಯೂಜೆ ಭೂಕಂಪ ಬಂದಾಗ ಅದು ಇನ್ನೂ ಕಟ್ಟುತ್ತಿದ್ದ ಹಂತದಲ್ಲಿತ್ತು. ಸುರಂಗದ ಒಂದು ತುದಿಯಾದ ಎಲ್‌ಮಾಲಿಕ್ ಕಡೆಯಲ್ಲಿ ಫಾಲ್ಟಿನ ಜೇಡಿಮಣ್ಣಿನಲ್ಲಿ ಹೋಗುತ್ತಿದ್ದ ಭಾಗ ಕುಸಿಯಿತು. ಅಲ್ಲಿ ಶಾಟ್‌ಕ್ರೀಟ್ ಮಾತ್ರ ಆಗಿತ್ತು, ಕೊನೆಯ ಲೈನಿಂಗ್ ಇನ್ನೂ ಬಂದಿರಲಿಲ್ಲ. ಲೈನಿಂಗ್ ಮುಗಿದಿದ್ದ ಭಾಗಗಳು ತಡೆದುಕೊಂಡವು. ಕುಸಿದ ಜಾಗವನ್ನು ಮತ್ತೆ ಅಗೆಯಲು ಹೋಗದೆ ಎಂಜಿನಿಯರುಗಳು ಅದನ್ನು ಬಿಟ್ಟು ಪಕ್ಕದಲ್ಲಿ ಹೊಸ ದಾರಿ ಹಿಡಿದರು. ಫಾಲ್ಟ್ ಹಾಯುವಲ್ಲಿ ಲೈನಿಂಗನ್ನು ಒಂದೇ ಉದ್ದ ಕೊಳವೆಯಾಗಿ ಕಟ್ಟದೆ ಸಣ್ಣ ತುಂಡುಗಳಾಗಿ ಮಾಡಿ ನಡುವೆ ಸಡಿಲ ಜಾಯಿಂಟ್ ಬಿಟ್ಟರು. ಎರೆಹುಳುವಿನ ಮೈ ನೋಡಿ, ಉಂಗುರ ಉಂಗುರವಾಗಿ ಇರುತ್ತದಲ್ಲ, ಹಾಗೆ. ನೆಲ ಸರಿದರೆ ಜಾಯಿಂಟ್ ಸರಿಯಲಿ, ಉಂಗುರ ಉಳಿಯಲಿ ಅಂತ. 2007ರ ಜನವರಿಯಲ್ಲಿ ಸುರಂಗ ತೆರೆಯಿತು.

ಕಮಾನು ಉಳಿದಿದ್ದರೆ ರಿಪೇರಿ, ಕಮಾನೇ ಹೋಗಿದ್ದರೆ ಬೇರೆ ದಾರಿ. ಕುಸಿದ ಮಣ್ಣಿನೊಳಗೆ ಮತ್ತೆ ಕೊರೆಯುವುದು ಹೊಸ ಬಂಡೆ ಕೊರೆಯುವುದಕ್ಕಿಂತ ಕಷ್ಟ, ಅಪಾಯವೂ ಜಾಸ್ತಿ. ಹಾಗೆಯೇ ಉಳಿದ ಕಮಾನನ್ನು ಕೆಡವಿ ಹೊಸದು ಕಟ್ಟುವುದು ಆರೋಗ್ಯವಾದ ಹಲ್ಲು ಕೀಳಿಸಿದ ಹಾಗೆ. ತವರಯಾಮದಲ್ಲಿ ಆ ಅಗತ್ಯ ಇರಲಿಲ್ಲ.

ಕೊನೆಗೆ, ಅಲ್ಲಿ ಓಡಾಡಬಹುದಾ? ಓಡಾಡಿ. ಆ ಪ್ರದೇಶದಲ್ಲಿ ಮತ್ತೆ ಭೂಕಂಪ ಬರುವುದೇ ಇಲ್ಲ ಅಂತ ಯಾರೂ ಹೇಳಲಾರರು. ಆದರೆ ಆ ಸುರಂಗದಲ್ಲಿ ಪೆಟ್ಟು ಎಲ್ಲಿ ಬಿತ್ತು ಅಂತ ಈಗ ಗೊತ್ತಿದೆ, ಅದೇ ಜಾಗಗಳನ್ನು ಹುಡುಕಿ ಬಲಪಡಿಸಿದ್ದಾರೆ. ಜಪಾನಿನಲ್ಲಿ ಪ್ರತಿ ರಸ್ತೆ ಸುರಂಗವನ್ನೂ ಐದು ವರ್ಷಕ್ಕೊಮ್ಮೆ ಹತ್ತಿರದಿಂದ ಕಣ್ಣಿಟ್ಟು ನೋಡಲೇಬೇಕು ಅಂತ 2014ರಿಂದ ನಿಯಮ ಇದೆ. ಸುತ್ತಿಗೆ ಹಿಡಿದೇ ನೋಡುತ್ತಾರೆ.

ಒಳಗಿರುವಾಗಲೇ ಭೂಮಿ ಅಲುಗಿದರೆ ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ, ಹಿಂದಿನವರು ಗುದ್ದುತ್ತಾರೆ. ವೇಗ ಇಳಿಸಿ. ಮುಂದೆ ಬಾಯಿ ಕಾಣುತ್ತಿದ್ದು ದಾರಿ ಖಾಲಿ ಇದ್ದರೆ ನಿಧಾನವಾಗಿ ಹೊರಗೆ ಬಂದುಬಿಡಿ. ಹೊರಬಂದ ಕೂಡಲೇ ಬಾಯಿಯ ಹತ್ತಿರ ನಿಲ್ಲಿಸಬೇಡಿ, ಇಳಿಜಾರಿನ ಕಲ್ಲು ಉರುಳುವುದು ಅಲ್ಲೇ. ಹೊರಬರಲು ಆಗದಿದ್ದರೆ ಎಡಕ್ಕೆ ಸರಿಸಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಕೀಲಿ ಕಾರಿನಲ್ಲೇ ಬಿಟ್ಟು ಮಗಳ ಕೈ ಹಿಡಿದು ಗೋಡೆಯ ಪಕ್ಕದಲ್ಲಿ ನಡೆಯಿರಿ. ಗೋಡೆಯ ಮೇಲೆ ಹಸಿರು ಫಲಕದಲ್ಲಿ ಓಡುವ ಮನುಷ್ಯನ ಚಿತ್ರ ಇದ್ದರೆ ಹೊರದಾರಿ ಯಾವ ಕಡೆ ಅಂತ ಅದು ತೋರಿಸುತ್ತದೆ. ಮುಂದಿನ ಸಲ ದೊಡ್ಡ ಸುರಂಗದೊಳಗೆ ಹೋದಾಗ ಅದನ್ನು ಹುಡುಕುವ ಕೆಲಸ ಅವಳಿಗೇ ಕೊಡಿ. ಹಾಗೇ ಹಳೇ ಕಾಂಕ್ರೀಟ್, ಹೊಸ ಕಾಂಕ್ರೀಟ್ ಎಲ್ಲಿ ಕೂಡುತ್ತದೆ ಅಂತಲೂ ನೋಡಲಿ. ಜಾಯಿಂಟಿನ ಗೆರೆಗಳನ್ನು ಎಣಿಸುತ್ತಾ ಹೋದರೆ ಎಷ್ಟು ತುಂಡು ಬದಲಾಯಿಸಿದ್ದಾರೆ ಅಂತ ಅವಳೇ ನಿಮಗೆ ಲೆಕ್ಕ ಹೇಳುತ್ತಾಳೆ.